ನೀರು ಇಳಿಯುವ ದಾರಿ, ಕೂಲಿ ಹತ್ತುವ ದಾರಿ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಪೇಟೆಯಲ್ಲಿ ಕೋಳಿ ಕೂಗುವ ಹೊತ್ತಿಗೇ ಜೀಪುಗಳ ಸದ್ದು. ಬುತ್ತಿ ಹಿಡಿದ ಹೆಂಗಸರು ಒತ್ತೊತ್ತಾಗಿ ಕೂತು, ಕುಮಳಿ, ಕಂಬಂಮೆಟ್ಟು ಘಾಟಿ ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ. ಸಂಜೆಗೆ ಇಳಿದು ಬರುತ್ತಾರೆ. ಅದೇ ಬೆಟ್ಟದಿಂದ ಮುಲ್ಲಪೆರಿಯಾರ್ ನೀರೂ ಇಳಿದು ಬರುತ್ತದೆ. ನೀರು ಕೆಳಕ್ಕೆ, ಕೂಲಿ ಮೇಲಕ್ಕೆ. ಕಣಿವೆಯ ಬದುಕು ಇಷ್ಟೇ.

ನಾನು ಉಳಿದುಕೊಂಡದ್ದು ಕಪ್ಪಿಲಿಯರ ಮನೆಯಲ್ಲಿ. ತಲೆಮಾರುಗಳ ಹಿಂದೆ ವಲಸೆ ಹೋದ ಈ ಜನ ಮನೆಯೊಳಗೆ ಇಂದಿಗೂ ಕನ್ನಡ ಆಡುತ್ತಾರೆ. ಆಚೆ ಬೀದಿಯಲ್ಲಿ ತೆಲುಗು ನಾಯಕರು. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಅದು ನಮ್ಮೂರಿನಂತೆಯೇ ಕಂಡಿತು.

1886ರಲ್ಲಿ ತಿರುವಾಂಕೂರು ಮಹಾರಾಜರು ಬ್ರಿಟಿಷರಿಗೆ 999 ವರ್ಷದ ಗುತ್ತಿಗೆ ಬರೆದುಕೊಟ್ಟರು. ಪೆನ್ನಿಕ್ವಿಕ್ ಎಂಬ ಇಂಜಿನಿಯರ್ 1895ರಲ್ಲಿ ಅಣೆಕಟ್ಟೆ ಮುಗಿಸಿ, ಪಡುವಣಕ್ಕೆ ಹರಿಯುತ್ತಿದ್ದ ನೀರನ್ನು ಸುರಂಗದಲ್ಲಿ ಮೂಡಣಕ್ಕೆ ತಿರುಗಿಸಿದರು. ತೇನಿ, ದಿಂಡಿಗಲ್, ಮಧುರೆಯಿಂದ ರಾಮನಾಥಪುರದವರೆಗೆ ಅದೇ ನೀರು. ಕಣಿವೆಯ ರೈತರ ಗೋಡೆಗಳ ಮೇಲೆ ಆ ದೊರೆಯ ಪಟವಿದೆ.

ಕಟ್ಟೆ ಹಳೆಯದಾಯಿತು, ಒಡೆದರೆ ಗತಿಯೇನು ಎಂಬ ಭಯ ಕೇರಳದ್ದು. 1979ರಲ್ಲಿ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ 142 ಅಡಿಗೆ ಒಪ್ಪಿದರೆ, ಕೇರಳ ಅದನ್ನು ತಡೆಯುವ ಕಾನೂನು ತಂದಿತು. 2011ರಲ್ಲಿ ಇಡುಕ್ಕಿಯಲ್ಲಿ ಭೂಮಿ ಸಣ್ಣಗೆ ನಡುಗಿದ್ದೇ ತಡ, ಎರಡೂ ಕಡೆ ಭಾಷಣ, ಬಂದ್, ಮೆರವಣಿಗೆ. ಡಿಸೆಂಬರಿನಲ್ಲಿ ಕುಮಳಿ ರಸ್ತೆ ಮುಚ್ಚಿತು. ಕಣಿವೆಯ ರೈತರು ಸಾವಿರಾರು ಸಂಖ್ಯೆಯಲ್ಲಿ ಗಡಿಯತ್ತ ನಡೆದರು; ಪೊಲೀಸರು ತಡೆದರು. ಇತ್ತ ಮಲಯಾಳಿಗಳ ಅಂಗಡಿಗಳಿಗೆ ಕಲ್ಲು ಬಿದ್ದವು. ಅತ್ತ ತೋಟಗಳಲ್ಲಿದ್ದ ತಮಿಳು ಕೂಲಿಗಳು ಹೆದರಿ ಬೆಟ್ಟ ಇಳಿದರು.

ನಾನಿದ್ದ ಮನೆಯ ಅವ್ವ ಹಾಗೆ ಇಳಿದು ಬಂದವರಲ್ಲೊಬ್ಬರು.

"ಕಟ್ಟೆ ಒಡೆದ್ರೆ ಸಾಯೋರು ಅವ್ರು. ನೀರು ನಿಂತ್ರೆ ಸಾಯೋರು ನಾವು. ಎರಡೂ ಸರೀನೇ ಕಣಪ್ಪಾ. ಎರಡು ವಾರದ ಕೂಲಿ ಅಲ್ಲೇ ಉಳೀತು. ಅದನ್ನ ಯಾವ ಮೈಕಿನಲ್ಲೂ ಯಾರೂ ಕೇಳ್ಲಿಲ್ಲ," ಅಂದರು.

"ಮತ್ತೆ ಹೋದ್ರಾ ಅವ್ವಾ?" ಎಂದೆ.

"ಹೋಗ್ದೆ? ಹಣ್ಣಾದ ಏಲಕ್ಕಿ ಗಿಡದಲ್ಲೇ ಉದುರ್ತಿತ್ತು. ಅವ್ರಿಗೂ ಕೈ ಬೇಕು, ನಮಗೂ ಕಾಸು ಬೇಕು. ದಾರಿ ತೆಗೆದ ಮೇಲೆ ಹತ್ತಿದ್ವಿ. ಹಳೇ ಬಾಕಿ ಮಾತ್ರ ಬರ್ಲಿಲ್ಲ."

2014ರ ಮೇ 7ರಂದು ಸುಪ್ರೀಂ ಕೋರ್ಟ್ ಕೇರಳದ ಕಾನೂನನ್ನು ರದ್ದು ಮಾಡಿತು. ಆ ನವೆಂಬರಿನಲ್ಲಿ ನೀರು 142 ಅಡಿ ಮುಟ್ಟಿತು, ಕಣಿವೆಯಲ್ಲಿ ಹಬ್ಬ. ಅವ್ವನ ಕೂಲಿಗೆ ತೀರ್ಪು ಕೊಡುವ ಕೋರ್ಟು ಯಾವುದು?

ಅವರ ಮಾತು ಕೇಳುತ್ತಾ ನನ್ನ ತಲೆ ತಗ್ಗಿತು. 1991ರ ಡಿಸೆಂಬರಿನಲ್ಲಿ, ಕಾವೇರಿ ಮಧ್ಯಂತರ ತೀರ್ಪಿನ ಬಿಸಿಯಲ್ಲಿ, ಬೆಂಗಳೂರು ಹೊತ್ತಿ ಉರಿದಾಗ ನನಗೆ ಇಪ್ಪತ್ತು ದಾಟಿತ್ತಷ್ಟೆ. ನಮ್ಮ ಹೊಲದಲ್ಲಿ ಕೂಲಿಗಿದ್ದ ಎರಡು ತಮಿಳು ಸಂಸಾರ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹೊರಟವು. ನಮ್ಮಪ್ಪನ ಲೆಕ್ಕದ ಪುಸ್ತಕದಲ್ಲಿ ಅವರ ಒಂಬತ್ತು ದಿನದ ಬಾಕಿ ಹಾಗೇ ನಿಂತಿತು. ನಾನು ಆಗ ಕಾವೇರಿಯ ಮೇಲೆ ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಪದ್ಯ ಬರೆದು ಸಭೆಗಳಲ್ಲಿ ಚಪ್ಪಾಳೆ ಹೊಡೆಸಿಕೊಂಡೆ. ಆ ಒಂಬತ್ತು ದಿನದ ಬಗ್ಗೆ ಯಾವ ಭಾಷೆಯಲ್ಲೂ ಒಂದು ಸಾಲು ಬರೆಯಲಿಲ್ಲ.

ನೀರಿನ ಹಕ್ಕು ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಆದರೆ ಗಡಿ ಮುಚ್ಚುವ ಮುನ್ನ ಕೂಲಿಯ ಲೆಕ್ಕ ಚುಕ್ತಾ ಮಾಡೋಣ. ಆ ಪುಸ್ತಕ ಇನ್ನೂ ನಮ್ಮ ಅಟ್ಟದ ಮೇಲಿದೆ. ಅವರ ಊರು ಯಾವುದೆಂದು ನಾನು ಅಂದು ಕೇಳಿರಲಿಲ್ಲ.