ಗ್ಯಾರೇಜಿಗೆ ಬಂದರೆ ಸರಿಯಿರುವ ಎಂಜಿನ್

ಶಿರಾಡಿ ಘಾಟಿ ಹತ್ತುವಾಗ ಹಳೆಯ ಅಂಬಾಸಿಡರ್ ಮಿಸ್ಸಿಂಗ್ ಹೊಡೆಯತೊಡಗುತ್ತದೆ. ಎರಡನೇ ಗೇರಿನಲ್ಲೂ ಜರ್ಕು, ಸೈಲೆನ್ಸರಿನಿಂದ ಫಟ್ ಫಟ್. ಸಕಲೇಶಪುರದಲ್ಲಿ ನಿಲ್ಲಿಸಿ, ಕಾಫಿ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಹಾಸನದವರೆಗೆ ಓಡುತ್ತದೆ. ಮರುದಿನ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದರೂ ಅಷ್ಟೇ, ಚೂರೂ ಅಲುಗದ ಐಡ್ಲಿಂಗು. ಅವನಾದರೂ ಏನು ಮಾಡಿಯಾನು? ಪ್ಲಗ್ ಬದಲಿಸುತ್ತಾನೆ, ಪಾಯಿಂಟ್ ಬದಲಿಸುತ್ತಾನೆ, ಕಾರ್ಬುರೇಟರ್ ಬಿಚ್ಚಿ ತೊಳೆಯುತ್ತಾನೆ, ಬಿಲ್ ಕೊಡುತ್ತಾನೆ. ಮುಂದಿನ ಘಾಟಿಯಲ್ಲಿ ಮತ್ತೆ ಫಟ್ ಫಟ್.

ಸದಾ ಕೆಟ್ಟೇ ಇರುವ ಎಂಜಿನ್ನಿನ ರಿಪೇರಿ ಸುಲಭ, ಬಂದು ಹೋಗುವ ಕಾಯಿಲೆ ಮಾತ್ರ ಕೈಗೆ ಸಿಗದು ಎಂಬ ನಂಬಿಕೆ ಗ್ಯಾರೇಜುಗಳಲ್ಲಿದೆ. ನನಗೆ ಇದು ಅರ್ಧ ಸತ್ಯವಾಗಿಯಷ್ಟೇ ಕಾಣುತ್ತದೆ. ಸದಾ ಕೆಟ್ಟಿರುವ ಎಂಜಿನ್ ‘ಕೆಟ್ಟಿದ್ದೇನೆ’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಆಗಾಗ ಕೆಡುವ ಎಂಜಿನ್ ಯಾವಾಗ ಕೆಡುತ್ತೇನೆಂಬುದನ್ನೂ ಹೇಳುತ್ತದೆ. ಬಿಸಿಯಾದಾಗಲೋ, ಮಳೆಯಲ್ಲೋ, ಹೊರೆ ಬಿದ್ದಾಗಲೋ, ಹಂಪ್ ದಾಟಿದಾಗಲೋ? ಇಷ್ಟಕ್ಕೆ ಖಚಿತ ಉತ್ತರ ಸಿಕ್ಕಿದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಎಂಜಿನ್ ಅನುಮಾನದಿಂದ ಪಾರಾಗುತ್ತದೆ. ಒಂದೇ ಏಟಿಗೆ ನಾಲ್ಕು ಭಾಗ ಬದಲಿಸಿದರೆ ಈ ಸುಳಿವೇ ಅಳಿಸಿಹೋಗುತ್ತದೆ. ಗಾಡಿ ಸರಿಹೋದರೂ ಕೆಟ್ಟಿದ್ದು ಯಾವುದೆಂದು ತಿಳಿಯದು, ಸರಿಹೋಗದಿದ್ದರೆ ಹಾಕಿದ ಹೊಸ ಭಾಗದ ಮೇಲೂ ಸಂಶಯ.

ಉದಾಹರಣೆಗೆ ಅಂಬಾಸಿಡರನ್ನೇ ಇಟ್ಟುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಗಿ, 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಇರುವುದು ಬಿಎಂಸಿ ಕಂಪನಿಯ ಬಿ-ಸರಣಿಯ 1489 ಸಿಸಿ ಎಂಜಿನ್. ಎಂಜಿಬಿ ಸ್ಪೋರ್ಟ್ಸ್ ಕಾರಿನ ಎಂಜಿನ್ನೂ ಇದೇ ಮನೆತನದ್ದು. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ‘ವಿಂಟೇಜ್’. ಆದ್ದರಿಂದ ನಮ್ಮ ಊರುಗಳ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತಿರುವ ಎಷ್ಟೋ ಅಂಬಾಸಿಡರುಗಳು ಈಗ ಅಧಿಕೃತವಾಗಿಯೇ ಆ ಸಾಲಿಗೆ ಸೇರಬಲ್ಲವು.

ಈ ಎಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸಿಲಿಂಡರಿನೊಳಗೆ ಹದವಾದ ಪೆಟ್ರೋಲ್-ಗಾಳಿ ಸೇರಬೇಕು, ಅದು ಸೋರದಂತೆ ಒತ್ತಬೇಕು, ಸರಿಯಾದ ಗಳಿಗೆಗೆ ಕಿಡಿ ಹಾರಬೇಕು. ಮಿಸ್ಸಿಂಗ್ ಎಂದರೆ ಈ ಮೂರರಲ್ಲೊಂದು ತಪ್ಪಿದೆ ಎಂದರ್ಥ. ಹಳೆಯ ಮೆಕ್ಯಾನಿಕ್ಕುಗಳಲ್ಲಿ ಒಂದು ಕುಚೋದ್ಯವಿದೆ: ಕಾರ್ಬುರೇಟರ್ ತೊಂದರೆಗಳಲ್ಲಿ ಹೆಚ್ಚಿನವು ಕರೆಂಟಿನ ತೊಂದರೆಗಳು. ಕಾರ್ಬುರೇಟರ್ ಮೇಲೆಯೇ ಕೂತಿದೆ, ಸ್ಕ್ರೂ ತಿರುಗಿಸಿದರೆ ಸದ್ದು ಬದಲಾಗುತ್ತದೆ, ಹಾಗಾಗಿ ಎಲ್ಲರ ಕೈ ಮೊದಲು ಹೋಗುವುದು ಅಲ್ಲಿಗೇ. ಕಿಡಿಯ ದಾರಿ ಕಣ್ಣಿಗೆ ಕಾಣದು.

ಆ ದಾರಿಯನ್ನು ರೂಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಕ್ಯಾಶ್ ರಿಜಿಸ್ಟರ್ ತಯಾರಿಸುವ ಕಂಪನಿಯಲ್ಲಿದ್ದ ಈ ಎಂಜಿನಿಯರ್ ಮಾಡಿದ ಇಗ್ನಿಷನ್ ವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಸಣ್ಣಪುಟ್ಟ ಮಾರ್ಪಾಟುಗಳೊಂದಿಗೆ ಆರು ದಶಕಕ್ಕೂ ಹೆಚ್ಚು ಕಾಲ ಜಗತ್ತಿನ ಪೆಟ್ರೋಲ್ ಕಾರುಗಳನ್ನು ಓಡಿಸಿತು. ಬ್ಯಾಟರಿಯ 12 ವೋಲ್ಟ್ ಕರೆಂಟು ಕಾಯಿಲಿನ ದಪ್ಪ ತಂತಿಯ ಸುತ್ತುಗಳಲ್ಲಿ ಹರಿದು ಕಾಂತಕ್ಷೇತ್ರವನ್ನು ಕಟ್ಟುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ತೆರೆದುಕೊಂಡಾಗ ಹರಿವು ಒಮ್ಮೆಲೇ ಕಡಿಯುತ್ತದೆ. ಜೋರಾಗಿ ಬರುತ್ತಿರುವ ನಲ್ಲಿಯನ್ನು ಫಟ್ಟನೆ ಮುಚ್ಚಿದರೆ ಗೋಡೆಯೊಳಗಿನ ಪೈಪು ಢಬ್ ಎಂದು ಒದೆಯುತ್ತದಲ್ಲ, ಹಾಗೆ ಕಾಯಿಲ್ ಕೂಡ ಒದೆಯುತ್ತದೆ. ಕುಸಿಯುವ ಕಾಂತಕ್ಷೇತ್ರ ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ ಎಬ್ಬಿಸುತ್ತದೆ. ರೋಟರ್ ಅದನ್ನು 1-3-4-2ರ ಸರದಿಯಲ್ಲಿ ಪ್ಲಗ್ಗುಗಳಿಗೆ ಹಂಚುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ನೂರು ಕಿಡಿ. ಒಂದೊಂದು ಕಿಡಿಗೂ ಪಾಯಿಂಟು ಮುಚ್ಚಿ, ತೆರೆದು, 10 ಮಿಲಿಸೆಕೆಂಡಿನಲ್ಲಿ ಮುಂದಿನದಕ್ಕೆ ಅಣಿಯಾಗಬೇಕು. ಪಾಯಿಂಟಿನ ಗ್ಯಾಪ್ ಬರೀ 0.35ರಿಂದ 0.40 ಮಿ.ಮೀ. ಇಷ್ಟು ಬಡಪಾಯಿ ಸಲಕರಣೆ ಲಕ್ಷಗಟ್ಟಲೆ ಕಿಲೋಮೀಟರ್ ಕೆಲಸ ಮಾಡುವುದೇ ನನಗೆ ಅಚ್ಚರಿ.

ಘಾಟಿಯಲ್ಲೇ ಏಕೆ? ಐಡ್ಲಿಂಗಿನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಸಿಲಿಂಡರಿಗೆ ಹೋಗುವ ಗಾಳಿ ಸ್ವಲ್ಪ. ಆಕ್ಸಿಲರೇಟರ್ ಪೂರಾ ಒತ್ತಿದಾಗ ಸಿಲಿಂಡರ್ ತುಂಬಿ, ಪಿಸ್ಟನ್ ಅದನ್ನು ಒತ್ತಿದಾಗ ಗಾಳಿ ತುಂಬಾ ದಟ್ಟವಾಗುತ್ತದೆ. ದಟ್ಟ ಗಾಳಿಯನ್ನು ಸೀಳಿ ಕಿಡಿ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ ದುರ್ಬಲವಾಗಿದ್ದರೂ, ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಐಡ್ಲಿಂಗಿನಲ್ಲಿ ತಿಳಿಯುವುದೇ ಇಲ್ಲ. ಏರಿನಲ್ಲಿ ಮಾತ್ರ ಕರೆಂಟು ಪ್ಲಗ್ ದಾಟುವ ಬದಲು ಸುಲಭವಾದ ಕಳ್ಳದಾರಿ ಹುಡುಕಿಕೊಂಡು ಸೋರಿಹೋಗುತ್ತದೆ. ಹಾಗಾಗಿ ಗ್ಯಾರೇಜಿನಲ್ಲಿ ನಿಂತ ಗಾಡಿಯ ಬಾನೆಟ್ ಎತ್ತಿ ‘ಕರೆಂಟ್ ಚೆನ್ನಾಗಿದೆ ಸಾರ್’ ಎನ್ನುವುದಕ್ಕೆ ಅರ್ಥವೇ ಇಲ್ಲ. ಕತ್ತಲಲ್ಲಿ ಬಾನೆಟ್ ತೆರೆದು, ಕ್ಯಾಪು-ವಯರುಗಳ ಮೇಲೆ ತೆಳುವಾಗಿ ನೀರು ಸಿಂಪಡಿಸಿ, ಎಂಜಿನ್ ರೇಸ್ ಮಾಡಿ ನೋಡಿ. ಸೋರುವ ಜಾಗದಲ್ಲಿ ನೀಲಿ ಕಿಡಿ ಹರಿದಾಡುತ್ತದೆ. ಮಳೆಗಾಲದಲ್ಲಷ್ಟೇ ಮಿಸ್ ಹೊಡೆಯುವ ಗಾಡಿಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಕಾಯಿಲಿನ ಎರಡು ವಯರು ಅದಲುಬದಲಾಗಿರುವುದೂ ಉಂಟು. ಅಂಥ ಗಾಡಿ ನಿತ್ಯ ಓಡುತ್ತದೆ, ಭಾರ ಬಿದ್ದಾಗ ಮಾತ್ರ ಮುಗ್ಗರಿಸುತ್ತದೆ. ಪ್ಲಗ್ಗಿನ ನಡುವಿನ ಕಡ್ಡಿ ಕೆಂಡದಂತೆ ಬಿಸಿಯಿರುತ್ತದೆ, ಬಿಸಿ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಬೀಳುತ್ತವೆ; ಆದ್ದರಿಂದ ಕಿಡಿ ನಡುಗಡ್ಡಿಯಿಂದ ಅಂಚಿಗೆ ಹಾರುವಂತೆ ಕಾಯಿಲ್ ಜೋಡಿಸಬೇಕು. ತಿರುವುಮುರುವಾದರೆ ಅದೇ ಕಿಡಿಗೆ ಗಣನೀಯವಾಗಿ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಹಳೆಯ ಬ್ರಿಟಿಷ್ ಪದ್ಧತಿಯ ಪಾಸಿಟಿವ್ ಅರ್ಥಿಂಗ್ ಗಾಡಿಗೆ ಆಲ್ಟರ್ನೇಟರ್ ಹಾಕಿ ನೆಗೆಟಿವ್‌ಗೆ ತಿರುಗಿಸಿದವರು ಕಾಯಿಲಿನ ವಯರು ಬದಲಿಸಲು ಮರೆತಿರುವ ಸಾಧ್ಯತೆಯನ್ನು ಯಾವಾಗಲೂ ಮನಸ್ಸಿನಲ್ಲಿಡಬೇಕು.

ಇನ್ನು ಬಿಸಿ. ಅರ್ಧ ಗಂಟೆ ಓಡಿದ ಮೇಲೆ ಕೆಟ್ಟು, ತಣಿದ ಮೇಲೆ ಸರಿಹೋಗುವ ಗಾಡಿಯಲ್ಲಿ ಮೊದಲ ಅನುಮಾನ ಕಂಡೆನ್ಸರಿನ ಮೇಲೆ. ಹೆಬ್ಬೆರಳಿನ ತುದಿಯಷ್ಟು ಡಬ್ಬಿಯೊಳಗೆ ಲೋಹದ ಹಾಳೆ, ನಡುವೆ ನಿರೋಧಕ, ಸುಮಾರು 0.2 ಮೈಕ್ರೋಫ್ಯಾರಡ್. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ವ್ಯರ್ಥವಾಗದಂತೆ ನೋಡಿಕೊಳ್ಳುವುದು, ಹರಿವು ಚೂಪಾಗಿ ಕಡಿಯುವಂತೆ ಮಾಡುವುದು ಇದರ ಕೆಲಸ. ಬಿಸಿಗೆ ಒಳಗಿನ ಸಂಪರ್ಕ ಬಿಟ್ಟುಕೊಂಡರೆ ಪಾಯಿಂಟುಗಳ ನಡುವೆ ಬಿಳಿನೀಲಿ ಬೆಳಕು ಕಾಣುತ್ತದೆ, ಪಾಯಿಂಟು ಬೇಗ ಸುಟ್ಟುಹೋಗುತ್ತದೆ, ಪ್ಲಗ್ಗಿನಲ್ಲಿ ಕಿಡಿ ಸೊರಗುತ್ತದೆ. ನಿರೋಧಕವೇ ಸೋರಿದರೆ ಕಿಡಿ ಪೂರಾ ಇಲ್ಲ. ಕಾಯಿಲ್ ಕೂಡ ಬಿಸಿಗೆ ಹೀಗೆಯೇ ಕೈಕೊಡುತ್ತದೆ. ತಣ್ಣಗಿರುವಾಗ ಮೀಟರ್ ಹಿಡಿದು ಓಮ್ ನೋಡಿದರೆ ಸರಿಯಾಗೇ ಇರುತ್ತದೆ. ಆದ್ದರಿಂದ ಗಾಡಿ ಮೊಂಡಾಟ ಮಾಡುತ್ತಿರುವ ಹೊತ್ತಿನಲ್ಲೇ, ಕೈ ಸುಟ್ಟರೂ ಚಿಂತೆಯಿಲ್ಲವೆಂದು ಅಲ್ಲೇ ನಿಂತು ನೋಡಬೇಕು.

ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವ ಅಪರಾಧಿ ಬೇರೊಂದಿದೆ. ಪಾಯಿಂಟುಗಳು ಕೂತಿರುವ ತಟ್ಟೆ ಡಿಸ್ಟ್ರಿಬ್ಯೂಟರಿನೊಳಗೆ ಸ್ಥಿರವಾಗಿಲ್ಲ. ಕಾರ್ಬುರೇಟರಿನಿಂದ ಬರುವ ಸಣ್ಣ ಕೊಳವೆಯ ನಿರ್ವಾತ ಅದನ್ನು ಎಳೆದು ಕಿಡಿ ಇನ್ನೂ ಬೇಗ ಹಾರುವಂತೆ ಮಾಡುತ್ತದೆ, ಮತ್ತೆ ಬಿಡುತ್ತದೆ. ನಿಮ್ಮ ಪಾದ ಆಡಿದಂತೆಲ್ಲ ತಟ್ಟೆಯೂ ಆಡುತ್ತದೆ. ತಟ್ಟೆಗೆ ಕರೆಂಟು ತರುವ ಬೆರಳುದ್ದದ ವಯರು ದಿನಕ್ಕೆ ಸಾವಿರಾರು ಸಲ ಬಾಗಿ, ವರ್ಷಗಳಾದ ಮೇಲೆ ಹೊದಿಕೆಯೊಳಗೇ ತುಂಡಾಗುತ್ತದೆ. ಹೊರಗಿನಿಂದ ಅಖಂಡವಾಗಿ ಕಾಣುತ್ತದೆ. ತುಂಡಾದ ತುದಿಗಳು ಪಾದ ಒಂದು ನಿಲುವಿನಲ್ಲಿದ್ದಾಗ ತಾಗುತ್ತವೆ, ಇನ್ನೊಂದರಲ್ಲಿ ಬಿಡುತ್ತವೆ. ಸಮತಟ್ಟಿನಲ್ಲಿ 50ರ ವೇಗಕ್ಕೆ ಮಿಸ್ ಹೊಡೆದು, ಪೂರಾ ಒತ್ತಿದರೆ ಸರಿಹೋಗುವ ವಿಚಿತ್ರ ಗಾಡಿಗಳ ರಹಸ್ಯ ಬಹುಪಾಲು ಇಲ್ಲಿದೆ. ಪರೀಕ್ಷೆ ಇಷ್ಟೇ: ಎಂಜಿನ್ ಐಡ್ಲಿಂಗಿನಲ್ಲಿರುವಾಗ ನಿರ್ವಾತದ ಕೊಳವೆಯ ಕಾರ್ಬುರೇಟರ್ ತುದಿಯನ್ನು ಬಿಡಿಸಿ ಬಾಯಲ್ಲಿಟ್ಟು ಎಳೆಯಿರಿ. ಎಂಜಿನ್ನಿನ ವೇಗ ಸ್ವಲ್ಪ ಏರಬೇಕು. ಬದಲಿಗೆ ತೊದಲಿತೋ, ವಯರು ಸಿಕ್ಕಿತು. ಪೆಟ್ರೋಲಿನ ರುಚಿ ಹತ್ತಿದರೆ ಬೈದುಕೊಳ್ಳಬಾರದು.

ಹಾಗಿದ್ದರೂ ಕರೆಂಟೋ ಪೆಟ್ರೋಲೋ ಎಂಬ ಮೂಲ ಪ್ರಶ್ನೆಗೆ ಒಂದೇ ಏಟಿಗೆ ಉತ್ತರ ಕೊಡುವ ಸಲಕರಣೆ ಎಷ್ಟೋ ಗ್ಯಾರೇಜುಗಳ ಗೋಡೆಯಲ್ಲಿ ನೇತಾಡುತ್ತಿರುತ್ತದೆ: ಟೈಮಿಂಗ್ ಲೈಟು. ಟೈಮಿಂಗ್ ಹೊಂದಿಸುವುದಕ್ಕೆಂದೇ ಬಳಸುತ್ತಾರೆ, ಪತ್ತೇದಾರಿಗೆ ಬಳಸುವವರು ಕಡಿಮೆ. ಅದರ ಕ್ಲಿಪ್ಪನ್ನು ಕಾಯಿಲಿನಿಂದ ಕ್ಯಾಪಿಗೆ ಹೋಗುವ ದಪ್ಪ ವಯರಿಗೆ ಹಾಕಿ, ಲೈಟನ್ನು ಮುಖದ ಕಡೆ ತಿರುಗಿಸಿಕೊಂಡು ನೋಡಿ. ಎಂಜಿನ್ ಮುಗ್ಗರಿಸಿದಾಗ ಬೆಳಕೂ ಮುಗ್ಗರಿಸಿದರೆ ದೋಷ ಕಾಯಿಲ್, ಕಂಡೆನ್ಸರ್, ಪಾಯಿಂಟ್, ಇಗ್ನಿಷನ್ ಸ್ವಿಚ್ಚಿನ ಕಡೆ. ಬೆಳಕು ಸರಾಗವಾಗಿ ಮಿನುಗುತ್ತಿದ್ದರೆ ಒಂದೊಂದೇ ಪ್ಲಗ್ ವಯರಿಗೆ ಕ್ಲಿಪ್ ಬದಲಿಸಿ. ಒಂದರಲ್ಲಿ ಮಾತ್ರ ಬೆಳಕು ತಪ್ಪಿದರೆ ಕ್ಯಾಪು, ಇಲ್ಲವೇ ಆ ವಯರು. ಸರದಿಯಿಲ್ಲದೆ ಎಲ್ಲದರಲ್ಲೂ ತಪ್ಪುತ್ತಿದ್ದರೆ ರೋಟರ್. ಎಲ್ಲ ಕಡೆ ಬೆಳಕು ಸರಿಯಿದ್ದೂ ಎಂಜಿನ್ ಒದ್ದಾಡುತ್ತಿದ್ದರೆ ಪ್ಲಗ್ಗುಗಳನ್ನೊಮ್ಮೆ ಬಿಚ್ಚಿ ನೋಡಿ, ಆಮೇಲೆ ಕಾರ್ಬುರೇಟರಿನ ಕಡೆ ತಿರುಗಬಹುದು.

ಪೆಟ್ರೋಲಿನ ದೋಷಕ್ಕೆ ಬೇರೆಯದೇ ಲಕ್ಷಣ. ಕರೆಂಟು ಸ್ವಿಚ್ ಆರಿಸಿದಂತೆ ಹೋಗುತ್ತದೆ. ಪೆಟ್ರೋಲು ಮೆಲ್ಲಗೆ ಬತ್ತುತ್ತದೆ, ಗಾಡಿ ಉಸಿರು ಕಟ್ಟಿ ಹಿಂದೆ-ಮುಂದೆ ತುಯ್ಯುತ್ತದೆ. ಆ ಗಳಿಗೆಯಲ್ಲಿ ಚೋಕ್ ಸ್ವಲ್ಪ ಎಳೆಯಬೇಕು. ಸುಧಾರಿಸಿದರೆ ಪೆಟ್ರೋಲ್ ಕಡಿಮೆ ಬರುತ್ತಿದೆ. ಕಾರಣಗಳು ಹಲವು: ಟ್ಯಾಂಕಿನ ತುಕ್ಕು ಪೈಪಿನ ಬಾಯಿಗೆ ಬಂದು ಅಡ್ಡ ಕೂರುವುದು (ಗಾಡಿ ನಿಂತಾಗ ಅದು ಕೆಳಗಿಳಿಯುತ್ತದೆ), ಟ್ಯಾಂಕಿನ ಗಾಳಿರಂಧ್ರ ಮುಚ್ಚಿ ಒಳಗೆ ನಿರ್ವಾತವಾಗುವುದು (ಮುಚ್ಚಳ ತೆರೆದರೆ ಸುಯ್ ಎಂದು ಗಾಳಿ ಒಳನುಗ್ಗುತ್ತದೆ), ಪಂಪಿನಲ್ಲಿ ಪೆಟ್ರೋಲು ಕುದ್ದು ಆವಿಯಾಗುವುದು. ಬಿ-ಸರಣಿಯ ಎಂಜಿನ್ನಿನಲ್ಲಿ ಕಾರ್ಬುರೇಟರೂ ಹೊಗೆಕೊಳವೆಯೂ ಒಂದೇ ಬದಿಯಲ್ಲಿವೆ, ಆ ಕಾವೆಲ್ಲ ಮೇಲಕ್ಕೇ ಏರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿದ ಡ್ರೈವರುಗಳು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಮೂಢನಂಬಿಕೆಯಲ್ಲ, ಶುದ್ಧ ಭೌತಶಾಸ್ತ್ರ.

ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲು ಇದಕ್ಕೆ ಹೊಸ ಅಧ್ಯಾಯ ಸೇರಿಸಿದೆ. ಎಥನಾಲ್ ನೀರು ಹೀರುತ್ತದೆ, ದಶಕಗಳಿಂದ ಟ್ಯಾಂಕಿಗೆ ಅಂಟಿದ್ದ ಕಿಟ್ಟವನ್ನು ಸಡಿಲಿಸುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಹೊರಗೆ ಚೆನ್ನಾಗಿಯೇ ಕಾಣುವ ಪೈಪಿನ ಒಳಪದರ ಕಿತ್ತು ಬಾಗಿಲಿನಂತೆ ಬಡಿದುಕೊಂಡರೆ, ಹರಿವು ಜೋರಾದಾಗ ಮುಚ್ಚಿ, ನಿಂತಾಗ ತೆರೆದು ಮೆಕ್ಯಾನಿಕ್ಕನ್ನು ಹುಚ್ಚು ಹಿಡಿಸುತ್ತದೆ. ಹಳೆಯ ಗಾಡಿಗೆ ಬೇರೆಲ್ಲ ಖರ್ಚಿಗಿಂತ ಮೊದಲು ಎಥನಾಲ್ ತಾಳುವ ಹೊಸ ಪೈಪು ಹಾಕಿಸಿ ಎನ್ನುತ್ತೇನೆ.

ಕೊನೆಯ ಗುಂಪು ಎಂಜಿನ್ನಿನ ದೇಹದ್ದು. ಬಿ-ಸರಣಿಯ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಎರಡೇ ಒಳದಾರಿ. 1-2ಕ್ಕೆ ಒಂದು, 3-4ಕ್ಕೆ ಇನ್ನೊಂದು. ಆ ಜೋಡಿಗಳಲ್ಲೊಂದು ಒಟ್ಟಿಗೆ ಒದ್ದಾಡಿದರೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿದೆಯೇ ನೋಡಿ. 2-3 ಒಟ್ಟಿಗೆ ಸತ್ತು, ಎರಡರಲ್ಲೂ ಕಂಪ್ರೆಷನ್ ಕಡಿಮೆಯಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬಿಸಿಯಾದ ಮೇಲೆ ಐಡ್ಲಿಂಗ್ ಮಾತ್ರ ಕೆಡುವ ಗಾಡಿಗೆ ಇನ್ನೊಂದು ಕಾರಣವಿರಬಹುದು. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲು ನಿಂತಿತು. ಹಳೆಯ ಕಬ್ಬಿಣದ ವಾಲ್ವ್ ಸೀಟುಗಳನ್ನು ಕಾಯುತ್ತಿದ್ದುದು ಆ ಸೀಸವೇ. ಈಗ ಎಕ್ಸಾಸ್ಟ್ ವಾಲ್ವು ನಿಧಾನಕ್ಕೆ ಸೀಟಿನೊಳಗೆ ಇಳಿಯುತ್ತದೆ, ಟ್ಯಾಪೆಟ್ ಗ್ಯಾಪ್ ಕರಗುತ್ತದೆ, ಬಿಸಿಯಲ್ಲಿ ಹಿಗ್ಗಿದ ವಾಲ್ವು ಪೂರಾ ಮುಚ್ಚುವುದೇ ಇಲ್ಲ. ತಣ್ಣಗೆ ಅಳೆದವನಿಗೆ ಗ್ಯಾಪ್ ಇನ್ನೂ ಸ್ವಲ್ಪ ಉಳಿದಂತೆ ಕಾಣಬಹುದು.

ಈ ತಲೆನೋವೇ ಬೇಡವೆಂದು ಪಾಯಿಂಟು, ಕಂಡೆನ್ಸರ್ ಕಿತ್ತು ಅದೇ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸುವವರು ಹೆಚ್ಚುತ್ತಿದ್ದಾರೆ. ಸಿಗುವ ಹೊಸ ಕಂಡೆನ್ಸರ್, ರೋಟರುಗಳಲ್ಲಿ ಅನೇಕವು ಕಳಪೆಯಾಗಿರುವುದರಿಂದ ಅವರನ್ನು ತಪ್ಪೆನ್ನಲಾರೆ. ಡಬ್ಬಿಯಿಂದ ತೆಗೆದ ಹೊಸ ರೋಟರೇ ನಡುವಿನ ರಿವೆಟ್ಟಿನ ಮೂಲಕ ಶಾಫ್ಟಿಗೆ ಕರೆಂಟು ಸೋರಿಸುವುದುಂಟು. ಆದರೆ ಮಾಡ್ಯೂಲ್ ಕೆಡುವಾಗ ಸಾಮಾನ್ಯವಾಗಿ ತೊದಲುವುದಿಲ್ಲ, ಒಮ್ಮೆಲೇ ನಿಲ್ಲುತ್ತದೆ, ದಾರಿಬದಿಯಲ್ಲಿ ಅದಕ್ಕೆ ಮದ್ದಿಲ್ಲ. ಪಾಯಿಂಟಿಗಾದರೆ ಸ್ಕ್ರೂಡ್ರೈವರ್, ಉಜ್ಜಲು ಒಂದು ಚೂರು ಎಮರಿ ಪೇಪರ್, ಗ್ಯಾಪ್ ಹೊಂದಿಸಲು ಜೇಬಿನಲ್ಲಿರುವ ವಿಸಿಟಿಂಗ್ ಕಾರ್ಡು ಸಾಕು. ಅದರ ದಪ್ಪ ಹೆಚ್ಚೂಕಡಿಮೆ ಬೇಕಾದಷ್ಟೇ ಇರುತ್ತದೆ. ಮಾಡ್ಯೂಲ್ ಹಾಕಿಸಿದವರು ಕಳಚಿದ ಹಳೆಯ ತಟ್ಟೆಯನ್ನು, ಪಾಯಿಂಟು-ಕಂಡೆನ್ಸರ್ ಸಮೇತ, ಡಿಕ್ಕಿಯಲ್ಲಿಟ್ಟುಕೊಂಡೇ ಘಾಟಿ ಹತ್ತುವುದು ಒಳ್ಳೆಯದು. ಬಿಚ್ಚಿ ಕೂರಿಸಲು ಇಪ್ಪತ್ತು ನಿಮಿಷದ ಕೆಲಸ.