ಮಗು ಹುಟ್ಟಲೂ ಭಾನುವಾರ ರಜೆಯೇ?

ದೇವನಹಳ್ಳಿಯಲ್ಲಿ ಟಿಪ್ಪು ಸುಲ್ತಾನ್ ಜನಿಸಿದ್ದು 1750ರ ನವೆಂಬರ್ 20ರಂದು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ದಿನಾಂಕ. ಲೆಕ್ಕ ಹಾಕಿದರೆ ಅದು ಶುಕ್ರವಾರ. ಗುರುವಾರವೂ ಆಗಬಹುದಿತ್ತು, ಭಾನುವಾರವೂ ಆಗಬಹುದಿತ್ತು. ಅರಮನೆಯಾಗಲಿ ಗುಡಿಸಲಾಗಲಿ, ನೋವು ಕಾಣಿಸಿಕೊಂಡಾಗ ಸೂಲಗಿತ್ತಿಗೆ ಕರೆ ಹೋಗುತ್ತಿದ್ದ ಕಾಲವದು.

ದಿನಕ್ಕೆ ಭೂಮಿಯ ಸುತ್ತುವಿಕೆ, ತಿಂಗಳಿಗೆ ಚಂದ್ರ, ವರ್ಷಕ್ಕೆ ಸೂರ್ಯ ಆಧಾರ. ವಾರಕ್ಕೆ ಮಾತ್ರ ಅಂಥ ಆಧಾರವಿಲ್ಲ. ಗ್ರಹಗಳ ಹೆಸರಿದ್ದರೂ ಏಳು ದಿನಗಳ ಎಣಿಕೆ ಮನುಷ್ಯ ಮಾಡಿಕೊಂಡ ಏರ್ಪಾಡು. ಬಸಿರಿನಲ್ಲಿರುವ ಕೂಸಿಗೆ ಅದರ ಅರಿವಿಲ್ಲ. ಹಾಗಾಗಿ ನೂರು ಹೆರಿಗೆಗಳಲ್ಲಿ ಪ್ರತಿ ವಾರದ ಪಾಲಿಗೂ ಹದಿನಾಲ್ಕು ಚಿಲ್ಲರೆ ಬರಬೇಕು. ತುಳುನಾಡಿನಲ್ಲಿ ಕೊರಗ ಮೊದಲಾದ ಸಮುದಾಯಗಳು ಹುಟ್ಟಿದ ವಾರವನ್ನೇ ಮಗುವಿನ ಹೆಸರಾಗಿಸುತ್ತಿದ್ದವು. ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ: ಇವು ಭಾನುವಾರದಿಂದ ಶನಿವಾರದವರೆಗಿನ ಹೆಸರುಗಳು. ಏಳಕ್ಕೆ ಏಳೂ ಬಳಕೆಯಲ್ಲಿದ್ದುವೆಂದರೆ ಯಾವ ವಾರಕ್ಕೂ ರಜೆ ಇರಲಿಲ್ಲ!

ಆಸ್ಪತ್ರೆಯ ಹೆರಿಗೆಯ ಕಥೆಯೇ ಬೇರೆ. ಅಮೆರಿಕದ ಜನನ ದಾಖಲೆಗಳಲ್ಲಿ ಭಾನುವಾರ ಎಲ್ಲಕ್ಕಿಂತ ಹಿಂದೆ. ನಮ್ಮಲ್ಲಿ ಶುಭಕಾರ್ಯಕ್ಕೆ ಹಲವರು ಒಲ್ಲದ ಮಂಗಳವಾರ ಅಲ್ಲಿ ಹಲವು ವರ್ಷಗಳಲ್ಲಿ ಎಲ್ಲಕ್ಕಿಂತ ಮುಂದೆ. ಇಂಗ್ಲೆಂಡಿನಲ್ಲಿ 2005ರಿಂದ 2014ರವರೆಗಿನ ಸುಮಾರು 50 ಲಕ್ಷ ಹೆರಿಗೆಗಳನ್ನು ಪರಿಶೀಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತಾವಾಗಿಯೇ ಆದ ಹೆರಿಗೆಗಳು ಹೆಚ್ಚಾಗಿ ನಸುಕಿನ ನಾಲ್ಕು ಗಂಟೆಯ ಆಸುಪಾಸಿನಲ್ಲಿದ್ದವು. ಮೊದಲೇ ಗೊತ್ತುಪಡಿಸಿದ ಸಿಸೇರಿಯನ್‌ಗಳು ಮಾತ್ರ ಕೆಲಸದ ದಿನಗಳಲ್ಲಿ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರೊಳಗೆ ಗುಂಪುಗೂಡಿದ್ದವು.

ಕಾರಣ ಸರಳ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ದಾದಿಯರು, ರಕ್ತದ ಏರ್ಪಾಡು ಎಲ್ಲ ಒಟ್ಟಿಗೆ ಸಿಗಬೇಕು. ಅದು ಸುಲಭವಾಗುವುದು ಕೆಲಸದ ದಿನ. ಡ್ರಿಪ್ ಹಾಕಿ ನೋವು ಬರಿಸುವ ಹೆರಿಗೆಗಳಿಗೂ ಇದೇ ಮಾತು.

ಕರ್ನಾಟಕಕ್ಕೆ ಈ ಲೆಕ್ಕ ದೂರದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ; ಸಿಸೇರಿಯನ್ ಪ್ರಮಾಣ ಶೇ 31.5. ಅದಕ್ಕೆ ಹಿಂದಿನ 2015–16ರ ಸಮೀಕ್ಷೆಯಲ್ಲಿ ಇದು ಶೇ 23.6 ಇತ್ತು. ನೆರೆಯ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸಾವಿರಾರು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದ ಸೂಲಗಿತ್ತಿ ನರಸಮ್ಮ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡರು. ಅವರೊಂದಿಗೆ ಒಂದು ಕಾಲವೇ ಸರಿದಂತಾಯಿತು.

ನಮ್ಮಲ್ಲಿ ವೈದ್ಯರ ವೇಳಾಪಟ್ಟಿಯ ಜೊತೆಗೆ ಪಂಚಾಂಗವೂ ಕೂಡಿಕೊಳ್ಳುತ್ತದೆ. ರಾಹುಕಾಲ ವಾರಕ್ಕೊಂದು ಹೊತ್ತು: ಸೋಮವಾರ ಏಳೂವರೆಯಿಂದ ಒಂಬತ್ತು, ಶನಿವಾರ ಒಂಬತ್ತರಿಂದ ಹತ್ತೂವರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಶುಕ್ರವಾರ, ಶನಿವಾರಗಳಲ್ಲಿ ಇದು ಆಪರೇಷನ್ ಥಿಯೇಟರಿನ ಬೆಳಗಿನ ಪಾಳಿಗೇ ಅಡ್ಡ ಬರುತ್ತದೆ. ಅಯೋಧ್ಯೆಯಲ್ಲಿ ಪ್ರಾಣಪ್ರತಿಷ್ಠೆ ನಡೆದ 2024ರ ಜನವರಿ 22, ಸೋಮವಾರದಂದೇ ಹೆರಿಗೆ ಮಾಡಿಸಿಕೊಡಿ ಎಂದು ದೇಶದ ಹಲವೆಡೆ ದಂಪತಿಗಳು ಕೇಳಿಕೊಂಡಿದ್ದರು.

ತಿಂಗಳು ತುಂಬಿದ ಮೇಲೆ, ಶಸ್ತ್ರಚಿಕಿತ್ಸೆ ಹೇಗೂ ಅನಿವಾರ್ಯವಾದಾಗ ಒಂದು ಗಂಟೆ ಹಿಂದುಮುಂದಾದರೆ ತಕರಾರಿಲ್ಲ. ಒಳ್ಳೆಯ ನಕ್ಷತ್ರವೆಂದು 39 ವಾರಕ್ಕೆ ಮುಂಚೆಯೇ ಮಗುವನ್ನು ಹೊರತೆಗೆಯುವುದು ಮಾತ್ರ ಆಟವಲ್ಲ. ಶ್ವಾಸಕೋಶ ಪೂರ್ತಿ ಬಲಿಯದ ಕೂಸಿಗೆ ಉಸಿರಾಟದ ತೊಂದರೆಯ ಸಂಭವ ಹೆಚ್ಚು. ಜಾತಕ ಬರೆಸುವ ಮೊದಲು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕಾಗಿ ಬರಬಹುದು.

ಇನ್ನೊಂದು ಕಡೆ, ತಾನಾಗಿ ಬರುವ ನೋವು ಈಗಲೂ ವಾರ ನೋಡುವುದಿಲ್ಲ. ಭಾನುವಾರ ಹೆರಿಗೆಗಳು ಕಡಿಮೆಯೆಂದ ಮಾತ್ರಕ್ಕೆ ಅಂದು ಅಪಾಯ ಕಡಿಮೆಯಲ್ಲ. ಗೊತ್ತುಪಡಿಸಿದವು ಇಲ್ಲದಿರುವುದರಿಂದ ಆ ದಿನ ಬರುವವುಗಳಲ್ಲಿ ದಿಢೀರ್ ಪ್ರಕರಣಗಳ ಪಾಲೇ ದೊಡ್ಡದು. ದೊಡ್ಡಬಳ್ಳಾಪುರದಲ್ಲೋ ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ಭಾನುವಾರ ನಸುಕಿನಲ್ಲಿ ಮಗು ಅಡ್ಡ ತಿರುಗಿದ್ದು ಗೊತ್ತಾದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಅರಿವಳಿಕೆ ಕೊಡುವವರು ಇರಬೇಕು. ಇಲ್ಲವಾದರೆ ಆಂಬುಲೆನ್ಸ್ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ.