ಹುಲಿಯ ನಮ್ಮ ದಂಡೆಗೆ ಬಂತು

ಕಾದಂಬರಿ ಓದಿ ಮುಗಿಸಿದ ಮೇಲೂ ಅದರ ಪಾತ್ರ ತಲೆಯೊಳಗೆ ಓಡಾಡುತ್ತಿದ್ದರೆ ನೀವು ಏನು ಮಾಡುತ್ತೀರಿ? ನಾನು ನೋಟ್‌ಬುಕ್ ತೆಗೆಯುತ್ತೇನೆ. ಬೇರೆಯವರ ಪಾತ್ರ ಇಟ್ಟುಕೊಂಡು ಅಭಿಮಾನಿ ಬರೆಯುವ ಕಥೆಗೆ ಫ್ಯಾನ್ ಫಿಕ್ಷನ್ ಅನ್ನುತ್ತಾರೆ. ಹ್ಯಾರಿ ಪಾಟರ್ ಬಗ್ಗೆ ಬರೆಯುವವರು ಲೆಕ್ಕವಿಲ್ಲದಷ್ಟು ಜನ. ನನ್ನದು ಒಂದು ನಾಯಿಯ ಕಥೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದದವರು ಕ್ಷಮಿಸಿ, ಕೊನೆಯನ್ನು ಹೇಳಿಬಿಡುತ್ತಿದ್ದೇನೆ. ನಾಯಿಗುತ್ತಿಯ ಬೆನ್ನು ಬಿಡದ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಡಿಗ್ರಿ ಮುಗಿಸಿದ ವರ್ಷ ಓದಿದ್ದೆ. ಕೊಚ್ಚಿಹೋದದ್ದು ಎಲ್ಲಿಗೆ ಎಂಬ ಪ್ರಶ್ನೆ ಅಂದಿನಿಂದ ಬಿಟ್ಟಿಲ್ಲ.

ಭೂಪಟ ನೋಡಿದೆ. ತೀರ್ಥಹಳ್ಳಿ, ಮಂಡಗದ್ದೆ, ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ತುಂಗೆಗೆ ಭದ್ರೆ ಸೇರುತ್ತಾಳೆ. ಅಲ್ಲಿಂದ ಹೊನ್ನಾಳಿ, ಹರಿಹರ. ಹರಿಹರದ ಎದುರು ದಂಡೆಯೇ ನಮ್ಮ ರಾಣೆಬೆನ್ನೂರು ತಾಲ್ಲೂಕು! ಕಾದಂಬರಿಯ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ. ಆಗ ಗಾಜನೂರಿನ ಅಣೆಕಟ್ಟು ಇರಲಿಲ್ಲ. ಅಂದರೆ ದಾರಿ ತೆರವಾಗಿತ್ತು.

ನನಗೆ ಮಲೆನಾಡಿನ ಮಾತು ಬರುವುದಿಲ್ಲ. ಗುತ್ತಿಯ ಬಾಯಲ್ಲಿ ಒಂದು ವಾಕ್ಯ ಹಾಕಲು ಹೋದರೂ ಸುಳ್ಳು ಅನ್ನಿಸುತ್ತಿತ್ತು. ನಾಯಿ ನಮ್ಮ ದಂಡೆಗೆ ಬಂದ ಕೂಡಲೇ ಆ ತೊಡಕು ಬಿಟ್ಟಿತು. ಇಲ್ಲಿ ಅದನ್ನು ಮಾತಾಡಿಸುವವರು ನಮ್ಮ ಜನ, ನಮ್ಮ ಭಾಷೆಯವರು. ಆದರೆ ಹೊಸ ತೊಡಕೊಂದು ಬಂತು. ಅದರ ಹೆಸರು ಹುಲಿಯ ಅಂತ ಇಲ್ಲಿ ಯಾರಿಗೆ ಗೊತ್ತು? ಹಾಗಾಗಿ ಮೂರನೇ ಪುಟದಿಂದ ಆಚೆ ನಾನು ಆ ಹೆಸರನ್ನೇ ಬಳಸಿಲ್ಲ.

ನಾನು ಪಾಲಿಸುವುದು ಒಂದೇ ನಿಯಮ: ಮೂಲ ಲೇಖಕರು ಮಾಡಿದ್ದನ್ನು ಅಳಿಸಬಾರದು. ನಾಯಿಯನ್ನು ಗುತ್ತಿಯ ಹತ್ತಿರ ವಾಪಸ್ ಕಳಿಸು ಎಂದು ಗೆಳತಿ ದುಂಬಾಲು ಬಿದ್ದಿದ್ದಾಳೆ. ಆಗುವುದಿಲ್ಲ. ಗುತ್ತಿ ಅದನ್ನು ಕಳೆದುಕೊಂಡದ್ದು ಕಳೆದುಕೊಂಡದ್ದೇ.

ಹಾವೇರಿ ಜಿಲ್ಲೆಯವರಿಗೆ ಇದೇನು ಹೊಸದಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ರಾಮನ ಮುಂದೆ ರಾಗಿಗೂ ಭತ್ತಕ್ಕೂ ಜಗಳ ಹಚ್ಚುತ್ತಾರೆ. ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕುತ್ತಾನೆ. ಭತ್ತ ಕೆಡುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿಯುತ್ತದೆ. ವಾಲ್ಮೀಕಿಯಲ್ಲಿ ಈ ಕಥೆ ಇಲ್ಲ. ರಾಮ ಅವರ ರಾಮನೇ, ಜಗಳ ಮಾತ್ರ ನಮ್ಮ ಹೊಲದ್ದು. ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಫ್ಯಾನ್ ಫಿಕ್ಷನ್ ಕನ್ನಡದಲ್ಲಿ ಇಲ್ಲ.

ಬರೆಯುವುದು ಯಾವಾಗ ಅಂತೀರಾ? ಹಗಲೆಲ್ಲಾ ಹಾವೇರಿಯ ಗ್ರಂಥಾಲಯದಲ್ಲಿ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದು. ಮೋಟೆಬೆನ್ನೂರು ದಾಟಿ ಬ್ಯಾಡಗಿಗೆ ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಯೋಚಿಸುತ್ತೇನೆ, ಊಟ ಆದ ಮೇಲೆ ಬರೆಯುತ್ತೇನೆ. ಎಡಗಡೆ ಪುಟದಲ್ಲಿ ಕಾದಂಬರಿಯಲ್ಲಿ ನಾಯಿಯ ಬಗ್ಗೆ ಇರುವ ವಿವರ, ಬಲಗಡೆ ನನ್ನ ಕಥೆ. ಎಡಗಡೆಗೆ ಹೊಂದದ್ದನ್ನು ಹೊಡೆದುಹಾಕುತ್ತೇನೆ.

ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ರಾತ್ರಿ ಉರಿಯುವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಬರೆದಷ್ಟನ್ನು ಓದಿಸಿ ಕೇಳುತ್ತಾಳೆ. ಮೊದಲ ಸಲ ಕೇಳಿದ್ದು ಒಂದೇ ಮಾತು: "ಅಷ್ಟ್ ದೂರ ಬಂದೈತಿ, ಏನ್ ತಿಂತವಾ ಅದು?" ನಾನು ನೆರೆ, ಸುಳಿ, ಕತ್ತಲೆ ಎಲ್ಲಾ ಬರೆದಿದ್ದೆ, ಹಸಿವು ಬರೆದಿರಲಿಲ್ಲ. ಎರಡನೇ ಅಧ್ಯಾಯ ಪೂರ್ತಿ ಆ ಪ್ರಶ್ನೆಯಿಂದ ಹುಟ್ಟಿತು.

ಕಳೆದ ಮಳೆಗಾಲ ರಾಣೆಬೆನ್ನೂರಿನ ದೊಡ್ಡವ್ವನ ಮನೆಗೆ ಹೋದವಳು ಹೊಳೆ ನೋಡಿ ಬಂದೆ. ಮೇಲಿನಿಂದ ನೀರು ಬರುವುದು ಹೇಗೆ ಗೊತ್ತಾಗುತ್ತದೆ ಎಂದು ಮೀನು ಹಿಡಿಯುವ ಅಜ್ಜನನ್ನು ಕೇಳಿದೆ. "ಮೊದಲ ಬಣ್ಣ ಬರ್ತೈತಿ, ಆಮ್ಯಾಲೆ ಕಸ, ಆಮ್ಯಾಲೆ ಕಟಗಿ," ಅಂದರು. ನನ್ನ ನಾಯಿ ಕಟ್ಟಿಗೆಯ ಹಿಂದೆ ಬಂತು.

"ಇದ್ರಿಂದ ರೊಕ್ಕ ಬರ್ತೈತೇನ?" ಅಂತ ಅಣ್ಣ ಕೇಳುತ್ತಾನೆ. ಇಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂದರೆ 2054ರ ಕೊನೆಯವರೆಗೆ. ಅನುಮತಿ ಇಲ್ಲದೆ ಇದನ್ನು ಅಚ್ಚು ಹಾಕಿಸಿ ಮಾರುವ ಯೋಚನೆಯೂ ನನಗಿಲ್ಲ. ಅಷ್ಟರಲ್ಲಿ ನೌಕರಿ ಸಿಕ್ಕಿ ನಿವೃತ್ತಿಗೂ ಹತ್ತಿರ ಬಂದಿರುತ್ತೇನೆ ಅಂದೆ. ಅಣ್ಣ ನಗಲಿಲ್ಲ.

ಸದ್ಯ ನಾಲ್ಕನೇ ಅಧ್ಯಾಯ ನಡೆದಿದೆ. ಕುರಿ ಕಾಯುವ ಹುಡುಗಿಯೊಬ್ಬಳು ನಾಯಿಗೆ ರೊಟ್ಟಿ ಹಾಕಿದ್ದಾಳೆ. ಏನಂತ ಕರೆಯಬೇಕು ಎಂದು ಅವಳಿಗೆ ಇನ್ನೂ ಹೊಳೆದಿಲ್ಲ, ನನಗೂ.